ಒಂದೇ ಆಲ್ಬಂ, ಹದಿನಾಲ್ಕು ಮಂದಿ: ‘ಡಾರ್ಕ್ ಸೈಡ್’ ಅನ್ನು ನಮ್ಮದೇ ರೀತಿಯಲ್ಲಿ ನುಡಿಸುವುದು ಹೇಗೆ?

ಪ್ರಶ್ನೆ: ಐದು ಬ್ಯಾಂಡ್‌ಗಳ ಹದಿನಾಲ್ಕು ಮಂದಿ ಸೇರಿ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಅನ್ನು ಪೂರ್ತಿಯಾಗಿ, ಆದರೆ ನಮ್ಮದೇ ರೀತಿಯಲ್ಲಿ, ಒಂದು ಸಂಜೆ ನುಡಿಸಬೇಕೆಂದಿದ್ದೇವೆ. ಆಮೇಲೆ ರೆಕಾರ್ಡ್ ಮಾಡುವ ಆಸೆಯೂ ಇದೆ. ಗಿಟಾರ್, ಬಾಸ್, ಡ್ರಮ್ಸ್, ಕೀಬೋರ್ಡ್ ಅಲ್ಲದೆ ಟ್ರಂಪೆಟ್, ಆಲ್ಟೊ ಸ್ಯಾಕ್ಸೊಫೋನ್, ಸೆಲ್ಲೊ ನುಡಿಸುವವರಿದ್ದಾರೆ, ಹಾಡುವವರು ನಾಲ್ವರು. ಬ್ಯಾಂಡಿಗೆ ಎರಡೆರಡು ಹಾಡು ಹಂಚಿಕೊಂಡರೆ ಸಾಕೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹಾಗೆ ಹಂಚಿಕೊಳ್ಳಬೇಡಿ. ಇಂಥ ಪ್ರಯತ್ನಗಳು ಹೆಚ್ಚಾಗಿ ಕೈಕೊಡುವುದು ಅಲ್ಲೇ. ವೇದಿಕೆಯಲ್ಲಿ ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತಿ, ಕೇಬಲ್ ಚುಚ್ಚಿ, ಮೈಕ್ ಪರೀಕ್ಷಿಸಿ ಸಿದ್ಧವಾಗಲು ಎಷ್ಟೇ ಅವಸರ ಮಾಡಿದರೂ ಎಂಟರಿಂದ ಹತ್ತು ನಿಮಿಷ ಬೇಕು. ಐದು ಬ್ಯಾಂಡ್ ಅಂದರೆ ನಾಲ್ಕು ಬದಲಾವಣೆ, ಸುಮಾರು 40 ನಿಮಿಷ. ಇಡೀ ಆಲ್ಬಂ ಇರುವುದೇ ಸುಮಾರು 43 ನಿಮಿಷ. ಅದಕ್ಕಿಂತ ದೊಡ್ಡ ನಷ್ಟ ಬೇರೆಯದು. 1973ರಲ್ಲಿ ಬಂದ ಈ ಆಲ್ಬಂನ ಜೀವ ಇರುವುದು ಹಾಡಿನಿಂದ ಹಾಡಿಗೆ ಹರಿಯುವ ಬೆಸುಗೆಗಳಲ್ಲಿ. ಎಲ್‌ಪಿ ತಟ್ಟೆಯ ಮೊದಲ ಬದಿ ಎದೆಬಡಿತದಿಂದ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಮುಗಿಯುವವರೆಗೆ, ಎರಡನೇ ಬದಿ ‘ಮನಿ’ಯಿಂದ ‘ಎಕ್ಲಿಪ್ಸ್’ವರೆಗೆ ಎಲ್ಲೂ ನಿಲ್ಲುವುದಿಲ್ಲ. ನಡುನಡುವೆ ನಿಂತರೆ ಕೇಳುಗರಿಗೆ ಸಿಗುವುದು ಹತ್ತು ಬಿಡಿ ಕವರ್ ಹಾಡುಗಳು ಮಾತ್ರ.

ಬದಲಿಗೆ ಒಂದು ಕಾಯಂ ತಂಡ ಕಟ್ಟಿ: ಒಬ್ಬ ಡ್ರಮ್ಮರ್, ಒಬ್ಬ ಬಾಸಿಸ್ಟ್, ಒಬ್ಬ ಕೀಬೋರ್ಡ್ ವಾದಕ, ಒಬ್ಬ ಗಿಟಾರ್ ವಾದಕ. ಈ ನಾಲ್ವರು ಮೊದಲಿನಿಂದ ಕೊನೆಯವರೆಗೆ ವೇದಿಕೆ ಬಿಡುವುದಿಲ್ಲ. ಉಳಿದ ಹತ್ತು ಮಂದಿ ತಮ್ಮ ಹಾಡಿಗೆ ಬಂದು ಹೋಗುತ್ತಾರೆ. ಡ್ರಮ್ಮರ್ ಆಯ್ಕೆಯಲ್ಲಿ ಕೈಚಳಕಕ್ಕಿಂತ ಮೆಲ್ಲಗೆ ನುಡಿಸಬಲ್ಲ ಸಂಯಮ ನೋಡಿ, ಈ ಆಲ್ಬಂನ ಬಹುಪಾಲು ನಿಧಾನಗತಿಯದು. ಬ್ಯಾಂಡ್‌ಗಳ ಗುರುತು ಅಳಿಸಿಹೋಗಬಾರದೆಂದರೆ ನುಡಿಸುವುದನ್ನಲ್ಲ, ಅರೇಂಜ್‌ಮೆಂಟ್ ಮಾಡುವುದನ್ನು, ಅಂದರೆ ಯಾರು ಏನನ್ನು ಯಾವಾಗ ನುಡಿಸಬೇಕೆಂದು ಹೊಂದಿಸುವುದನ್ನು, ಹಂಚಿ. ಆಲ್ಬಂ ತಾನಾಗಿಯೇ ಆರು ತುಂಡಾಗುತ್ತದೆ: ‘ಸ್ಪೀಕ್ ಟು ಮಿ’ ಮತ್ತು ‘ಬ್ರೀದ್’; ‘ಆನ್ ದ ರನ್’ ಮತ್ತು ‘ಟೈಮ್’; ‘ಗ್ರೇಟ್ ಗಿಗ್’; ‘ಮನಿ’; ‘ಅಸ್ ಅಂಡ್ ದೆಮ್’ ಮತ್ತು ‘ಎನಿ ಕಲರ್ ಯು ಲೈಕ್’; ‘ಬ್ರೇನ್ ಡ್ಯಾಮೇಜ್’ ಮತ್ತು ‘ಎಕ್ಲಿಪ್ಸ್’. ಐದನ್ನು ಬ್ಯಾಂಡ್‌ಗಳಿಗೆ ಕೊಡಿ, ‘ಗ್ರೇಟ್ ಗಿಗ್’ ಅನ್ನು ನಾಲ್ವರು ಗಾಯಕರಿಗೇ ಬಿಡಿ. ಕೊನೆಯ ಜೋಡಿಯನ್ನು ಮಾತ್ರ ಯಾವ ಕಾರಣಕ್ಕೂ ಒಡೆಯಬೇಡಿ. ಇಷ್ಟೆಲ್ಲದರ ಮೇಲೆ ಕೊನೆಯ ಮಾತು ಹೇಳುವವರು ಒಬ್ಬರೇ ಇರಲಿ. ಹದಿನಾಲ್ಕು ಮಂದಿ ಮತ ಹಾಕಿ ಟೆಂಪೊ ತೀರ್ಮಾನಿಸಲು ಆಗುವುದಿಲ್ಲ.

ವಾದ್ಯ ಮುಟ್ಟುವ ಮೊದಲು ಸ್ಕೇಲ್‌ಗಳ ನಕ್ಷೆ ಬರೆದುಕೊಳ್ಳಿ. ‘ಬ್ರೀದ್’ ನಿಂತಿರುವುದು ಇ ಮೈನರ್ ಮತ್ತು ಎ ಕಾರ್ಡ್‌ಗಳ ಮೇಲೆ. ‘ಟೈಮ್’ ಎಫ್ ಶಾರ್ಪ್ ಮೈನರ್. ಅದರ ಕೊನೆಯಲ್ಲಿ ‘ಬ್ರೀದ್’ ಮತ್ತೆ ತಲೆ ಹಾಕಿ ಇ ಮೈನರ್‌ಗೆ ತರುತ್ತದೆ, ಅಲ್ಲಿಂದ ಬಿ ಮೈನರ್‌ನಲ್ಲಿ ‘ಗ್ರೇಟ್ ಗಿಗ್’ನ ಪಿಯಾನೊ ಎತ್ತಿಕೊಳ್ಳುತ್ತದೆ. ಎರಡನೇ ಬದಿಯಲ್ಲಿ ‘ಮನಿ’ ಬಿ ಮೈನರ್, ಅದಾದ ಮೇಲಿನ ನಾಲ್ಕು ಹಾಡುಗಳೂ ಡಿ ಸ್ವರವನ್ನೇ ಆಧಾರವಾಗಿ ಹಿಡಿದಿವೆ. ಹೀಗಿರುವಾಗ ಗಾಯಕಿಗೆ ಎತ್ತರವಾಯಿತೆಂದು ‘ಬ್ರೇನ್ ಡ್ಯಾಮೇಜ್’ ಒಂದನ್ನೇ ಇಳಿಸಿದರೆ ಎರಡೂ ಕಡೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಇಳಿಸುವುದಾದರೆ ಇಡೀ ಬದಿಯನ್ನೇ ಇಳಿಸಬೇಕು. ಎರಡು ಬದಿಗಳ ನಡುವೆ ಮೂಲದಲ್ಲೇ ತಟ್ಟೆ ತಿರುಗಿಸುವ ವಿರಾಮ ಇರುವುದರಿಂದ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಲು ಅಡ್ಡಿಯಿಲ್ಲ.

ನಿಮ್ಮ ವಾದ್ಯಗಳನ್ನು ನೋಡಿದರೆ ಎರಡನೇ ಬದಿಯನ್ನು ಪೂರ್ತಿ ಒಂದು ಟೋನ್ ಇಳಿಸುವುದು ಒಳ್ಳೆಯದು: ‘ಮನಿ’ ಎ ಮೈನರ್‌ಗೆ, ಉಳಿದವು ಡಿಯಿಂದ ಸಿಗೆ. ಮೂಲ ಸ್ಕೇಲ್‌ನ ‘ಮನಿ’ಯಲ್ಲಿ ಬರೆದ ಸ್ವರವೇ ಬೇರೆ, ಕೇಳುವ ಸ್ವರವೇ ಬೇರೆ ಆಗಿರುವ ವಾದ್ಯಗಳಾದ್ದರಿಂದ ಟ್ರಂಪೆಟ್ ಸಿ ಶಾರ್ಪ್ ಮೈನರ್ (ನಾಲ್ಕು ಶಾರ್ಪ್), ಆಲ್ಟೊ ಸ್ಯಾಕ್ಸ್ ಜಿ ಶಾರ್ಪ್ ಮೈನರ್ (ಐದು ಶಾರ್ಪ್) ಓದಬೇಕಾಗುತ್ತದೆ. ಇಳಿಸಿದರೆ ಅವರ ಹಾಳೆಯಲ್ಲಿ ಎರಡು ಮತ್ತು ಮೂರೇ ಶಾರ್ಪ್, ಶ್ರುತಿಯೂ ಸ್ಥಿರವಾಗಿ ನಿಲ್ಲುತ್ತದೆ. ಬಾಸ್‌ಗೂ ತೊಂದರೆಯಿಲ್ಲ. ‘ಮನಿ’ಯ ರಿಫ್‌ನ (ಮತ್ತೆ ಮತ್ತೆ ಮರಳುವ ಚಿಕ್ಕ ಸ್ವರಗುಚ್ಛದ) ಅತಿ ಕೆಳಗಿನ ಎಫ್ ಶಾರ್ಪ್ ಈಗ ಇ ಆಗುತ್ತದೆ, ಅದು ನಾಲ್ಕು ತಂತಿಯ ಬಾಸ್‌ನ ಖಾಲಿ ತಂತಿ. ಅದಕ್ಕಿಂತ ಕೆಳಗೆ ಹೋದರೆ ಐದು ತಂತಿಯ ಬಾಸ್ ಬೇಕು. ಸೆಲ್ಲೊದ ಖಾಲಿ ಸಿ ತಂತಿ ಕೊನೆಯ ನಾಲ್ಕು ಹಾಡುಗಳಿಗೆ ಆಧಾರ ಶ್ರುತಿಯಾಗಿ ಒದಗುವುದು ದೊಡ್ಡ ಲಾಭ. ಗಿಟಾರ್‌ನವರು ‘ಬ್ರೇನ್ ಡ್ಯಾಮೇಜ್’ನ ಬಿಡಿಸಿ ಮೀಟುವ ಡಿ ಆಕಾರಗಳನ್ನು ಉಳಿಸಿಕೊಳ್ಳಲು ಇನ್ನೊಂದು ಗಿಟಾರನ್ನು ಒಂದು ಟೋನ್ ಇಳಿಸಿ ಇಟ್ಟುಕೊಳ್ಳಲಿ. ಅದಕ್ಕೆ 11ರ (ದಪ್ಪ ತಂತಿಯ) ಸೆಟ್ ಹಾಕಿ. 9ರ ತೆಳು ತಂತಿ ಅಷ್ಟು ಇಳಿಸಿದರೆ ಸಡಿಲವಾಗಿ ಅಪಸ್ವರ ನುಡಿಯುತ್ತದೆ.

ಇನ್ನು ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು? ಪ್ರತಿ ಹಾಡಿಗೂ ಮೂರು ಆಧಾರಗಳಿರುತ್ತವೆ: ಹಾಡುವ ಧಾಟಿ, ರಿಫ್ ಅಥವಾ ಕಾರ್ಡ್‌ಗಳ ನಡೆ, ಲಯ. ಇವುಗಳಲ್ಲಿ ಒಂದನ್ನು ಧಾರಾಳವಾಗಿ ಬದಲಿಸಿ, ಎರಡನ್ನು ಉಳಿಸಿ. ಮೂರನ್ನೂ ಬದಲಿಸಿದರೆ ಸಾಹಿತ್ಯವಷ್ಟೇ ಹಳೆಯದಾಗಿ ಉಳಿಯುತ್ತದೆ, ಕೇಳುಗರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮೂರನ್ನೂ ಉಳಿಸಿದರೆ ಅದು ನಕಲು. ಈ ಆಲ್ಬಂ ಈಗಾಗಲೇ ಹಲವು ಬಾರಿ ಮರುಹುಟ್ಟು ಪಡೆದಿದೆ. 2003ರಲ್ಲಿ ಈಸಿ ಸ್ಟಾರ್ ಆಲ್-ಸ್ಟಾರ್ಸ್ ಇದನ್ನು ಜಮೈಕಾದ ಸಂಗೀತ ಶೈಲಿಗಳಾದ ರೆಗೆ ಮತ್ತು ಡಬ್‌ಗೆ ತಂದರು. ಲಯ ಪೂರ್ತಿ ಬೇರೆ, ಆದರೆ ಹಾಡುಗಳ ಕ್ರಮ, ಧಾಟಿ ಹಾಗೇ ಇವೆ. 2009ರಲ್ಲಿ ದ ಫ್ಲೇಮಿಂಗ್ ಲಿಪ್ಸ್ ಕರ್ಕಶವಾಗಿ, ಒರಟಾಗಿ ನುಡಿಸಿದರು. 2023ರಲ್ಲಿ ಪಿಂಕ್ ಫ್ಲಾಯ್ಡ್‌ನ ಬಾಸಿಸ್ಟ್ ಆಗಿದ್ದ ರೋಜರ್ ವಾಟರ್ಸ್ ಸ್ವತಃ ಇದನ್ನು ನಿಧಾನಿಸಿ, ಮಾತು ಬೆರೆಸಿ, ಗಿಟಾರ್ ಸೋಲೊಗಳನ್ನು ಕಳಚಿ ಮತ್ತೆ ಹಾಡಿದರು. ಮೂರನ್ನೂ ಒಮ್ಮೆ ಎಲ್ಲರೂ ಒಟ್ಟಿಗೆ ಕೂತು ಕೇಳಿ. ಯಾವ ಆಧಾರ ಉಳಿಯಿತು, ಯಾವುದು ಹೋಯಿತು ಎಂದು ಹಾಡಿನಿಂದ ಹಾಡಿಗೆ ಗುರುತು ಹಾಕಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

‘ಮನಿ’ಯನ್ನು ಸ್ವಲ್ಪ ಬಿಡಿಸಿ ನೋಡೋಣ, ಎಲ್ಲರೂ ಎಡವುವ ಹಾಡು ಅದು. ರಿಫ್ ಇರುವುದು ಏಳು ಎಣಿಕೆಯಲ್ಲಿ. ಮಿಶ್ರಚಾಪು ಗೊತ್ತಿರುವವರಿಗೆ ಏಳು ಹೊಸದಲ್ಲ, ಆದರೆ ಇಲ್ಲಿ ಪ್ರತಿ ಎಣಿಕೆಯೂ ಒಳಗೆ ಮೂರಾಗಿ ತೂಗುತ್ತದೆ. ಸಮವಾಗಿ ಎರಡೆರಡಾಗಿ ಒಡೆದು ನುಡಿಸಿದರೆ ರಿಫ್ ಸೆಟೆದುಕೊಂಡುಬಿಡುತ್ತದೆ. ಸುಲಭವಾಗಲಿ ಎಂದು ಏಳನ್ನು ನಾಲ್ಕಕ್ಕೆ ಇಳಿಸುವವರಿದ್ದಾರೆ. ಅದು ಬೇಡ, ಎಂಟಕ್ಕೆ ಕಡಿಮೆ ಬೀಳುವ ಆ ಒಂದು ಎಣಿಕೆಯ ಕೊರತೆಯೇ ಹಾಡಿನ ಒಡಲು. ಏಳನ್ನು ಉಳಿಸಿ, ವಾದ್ಯ ಬದಲಿಸಿ: ರಿಫ್ ಅನ್ನು ಸೆಲ್ಲೊ ಬೆರಳಲ್ಲಿ ಮೀಟಲಿ, ಟ್ರಂಪೆಟ್ ಮತ್ತು ಸ್ಯಾಕ್ಸ್ ಅದರ ಮೇಲೆ ಮೂರನೇ ಸುತ್ತಿಗೆ ಸೇರಲಿ. ಮೂಲದಲ್ಲಿ ಸ್ಯಾಕ್ಸ್ ಸೋಲೊ ಏಳರಲ್ಲೇ ನಡೆದು, ಗಿಟಾರ್ ಸೋಲೊ ಬಂದಾಗ ಲಯ ನಾಲ್ಕಕ್ಕೆ ತಿರುಗುತ್ತದೆ. ಮುಗಿದ ಮೇಲೆ ಮತ್ತೆ ಏಳು. ತಪ್ಪು ನುಸುಳುವುದು ಈ ಎರಡು ತಿರುವುಗಳಲ್ಲಿ. ಡ್ರಮ್ಮರ್ ಏಳರ ಕೊನೆಯಲ್ಲಿ ಕೊಡುವ ಫಿಲ್ (ತುಂಬುವ ಚಿಕ್ಕ ಹೊಡೆತಗಳು) ಅನ್ನು ಅಭ್ಯಾಸಬಲದಿಂದ ಎಂಟಕ್ಕೆ ಎಳೆದರೆ ಅರ್ಧ ತಂಡ ಒಂದು ಎಣಿಕೆ ಮೊದಲೇ ಎತ್ತಿಕೊಂಡಿರುತ್ತದೆ. ಎರಡು ಬಾರ್ (ತಾಳದ ಆವರ್ತ) ಏಳು, ನಾಲ್ಕು ಬಾರ್ ನಾಲ್ಕು, ಮತ್ತೆ ಎರಡು ಬಾರ್ ಏಳು ಎಂದು ಕೂಡಿಸಿ, ಅಷ್ಟನ್ನೇ ನಿಮಿಷಕ್ಕೆ 90 ಬಡಿತದಲ್ಲಿ ಐದೈದು ನಿಮಿಷ ಸುತ್ತಿ. ಬಾಯಲ್ಲಿ ಎಣಿಸುವುದು ನಿಂತ ಮೇಲೆ ವೇಗ ಏರಿಸಿ. ಮೂಲ ರೆಕಾರ್ಡಿಂಗ್‌ನಲ್ಲಿ ಸೋಲೊ ಸಾಗುತ್ತಾ ವೇಗ ತುಸು ಏರುತ್ತದೆ, ಹಾಗಾಗಿ ಈ ಹಾಡಿಗೆ ಉದ್ದಕ್ಕೂ ಕ್ಲಿಕ್ (ಕಿವಿಯಲ್ಲಿ ಕೇಳುವ ತಾಳದ ಟಿಕ್ ಸದ್ದು) ಇಡುವುದು ತರವಲ್ಲ. ಸೋಲೊದ ಮೂರು ಸುತ್ತುಗಳಲ್ಲಿ ನಡುವಿನದು ಒಣಗಿದಂತೆ, ಬರಿದಾಗಿ ಇದೆ. ಅಲ್ಲಿ ಡ್ರಮ್ಸ್, ಬಾಸ್, ಒಂದು ಟ್ರಂಪೆಟ್ ಬಿಟ್ಟರೆ ಉಳಿದವರೆಲ್ಲ ಕೈಕಟ್ಟಿ ನಿಲ್ಲಬೇಕು.

ಹಾಡಿನ ಆರಂಭದ ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಸದ್ದುಗಳನ್ನು ಪಿಂಕ್ ಫ್ಲಾಯ್ಡ್‌ನವರು ಟೇಪ್ ತುಂಡುಗಳನ್ನು ಅಳತೆ ಮಾಡಿ ಕತ್ತರಿಸಿ, ಅಂಟಿಸಿ, ಏಳು ಸದ್ದಿನ ಸುತ್ತಾಗಿ ಮಾಡಿದ್ದರು. ನೀವು ನಿಮ್ಮವೇ ಏಳು ಸದ್ದು ರೆಕಾರ್ಡ್ ಮಾಡಿ. 120ರ ವೇಗದಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡ್, ಪೂರ್ತಿ ಸುತ್ತು 3.5 ಸೆಕೆಂಡ್. ನಾಣ್ಯದಂಥ ಚುರುಕು ಸದ್ದುಗಳನ್ನು ಎಣಿಕೆಯ ಮೇಲೇ ಕೂರಿಸಬಹುದು. ಕಾಗದ ಹರಿಯುವ ಸದ್ದು ನಿಧಾನವಾಗಿ ಏರುವುದರಿಂದ ಅದನ್ನೂ ಅಲ್ಲೇ ಇಟ್ಟರೆ ತಡವಾದಂತೆ ಕೇಳುತ್ತದೆ. ಅದನ್ನು 30ರಿಂದ 50 ಮಿಲಿಸೆಕೆಂಡ್ ಮೊದಲೇ ಶುರುವಾಗಿಸಿ, ಸದ್ದಿನ ತುದಿ ಎಣಿಕೆಗೆ ಬೀಳುವಂತೆ ಮಾಡಿ. ಬಾಸ್ ಎತ್ತಿಕೊಂಡು ಎರಡು ಮೂರು ಸುತ್ತಿನೊಳಗೆ ಈ ಲೂಪ್ ಕರಗಿಹೋಗಬೇಕು, ಇಲ್ಲದಿದ್ದರೆ ಬ್ಯಾಂಡ್ ಅದರ ಹಿಂದೆ ಓಡಬೇಕಾಗುತ್ತದೆ.

‘ಆನ್ ದ ರನ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಂಥಿ ಎಕೆಎಸ್ ಸಿಂಥಸೈಜರ್‌ನಲ್ಲಿ ಎಂಟು ಸ್ವರಗಳನ್ನು ನಿಧಾನವಾಗಿ ಕೂಡಿಸಿ, ವೇಗ ಹೆಚ್ಚಿಸಿ ಮಾಡಿದ್ದು ಅದು. ಯಾವುದೇ ಸೀಕ್ವೆನ್ಸರ್‌ನಲ್ಲಿ ಸಾಧ್ಯ. ಇಲ್ಲವೇ ಸೆಲ್ಲೊ ಮತ್ತು ಮ್ಯೂಟ್ ಮಾಡಿದ ಎರಡು ಗಿಟಾರ್‌ಗಳಿಗೆ ಎಂಟು ಸ್ವರಗಳನ್ನು ಹಂಚಿ, ಎರಡು ನಿಮಿಷ ಮೀರದಂತೆ ನೋಡಿಕೊಳ್ಳಿ. ‘ಟೈಮ್’ ಆರಂಭದ ಗಡಿಯಾರಗಳನ್ನು ಎಂಜಿನಿಯರ್ ಅಲನ್ ಪಾರ್ಸನ್ಸ್ ಗಡಿಯಾರದಂಗಡಿಯಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿ ಆಮೇಲೆ ಕೂಡಿಸಿದ್ದರು. ಆಮೇಲಿನ ಉದ್ದ ಪೀಠಿಕೆಯಲ್ಲಿ ಬ್ಯಾಂಡಿನ ಡ್ರಮ್ಮರ್ ನಿಕ್ ಮೇಸನ್ ನುಡಿಸಿದ್ದು ರೋಟೊಟಾಮ್, ಅಂದರೆ ತಿರುಗಿಸಿ ಶ್ರುತಿ ಬದಲಿಸುವ ಚಿಕ್ಕ ಡ್ರಮ್. ಅದಿಲ್ಲದಿದ್ದರೆ ಮೂರು ಟಾಮ್‌ಗಳನ್ನು ಇ, ಎಫ್ ಶಾರ್ಪ್, ಎ ಸ್ವರಗಳಿಗೆ ಕೂರಿಸಿ, ಎರಡನೇ ಡ್ರಮ್ಮರ್‌ಗೆ ಮೆತ್ತನೆಯ ಮ್ಯಾಲೆಟ್ ಕೊಡಿ. ಆಲ್ಬಂ ಶುರುವಿನ ಎದೆಬಡಿತಕ್ಕೂ ಲ್ಯಾಪ್‌ಟಾಪ್ ಬೇಕಿಲ್ಲ. ಮೂಲದಲ್ಲೇ ಅದು ಮೆತ್ತೆ ಹೊದಿಸಿದ ಬಾಸ್ ಡ್ರಮ್.

‘ಗ್ರೇಟ್ ಗಿಗ್’ನಲ್ಲಿ ನಕಲಿಗೆ ಇಳಿಯುವುದು ಅತಿ ಅಪಾಯ. ಗಾಯಕಿ ಕ್ಲೇರ್ ಟೋರಿ ಜನವರಿ 1973ರ ಒಂದು ಭಾನುವಾರ ಸ್ಟುಡಿಯೊಗೆ ಬಂದು, ಪದಗಳಿಲ್ಲದೆ, ತನ್ನ ಕಂಠವನ್ನು ವಾದ್ಯದಂತೆ ಬಳಸಿ, ಕೆಲವೇ ಟೇಕ್‌ಗಳಲ್ಲಿ ಮನೋಧರ್ಮದಿಂದ ಹಾಡಿದ್ದು ಅದು. ಅದನ್ನು ಸ್ವರಸ್ವರ ಬಾಯಿಪಾಠ ಮಾಡಿದರೆ ಕಸರತ್ತು ಕೇಳುತ್ತದೆ, ಅಳಲು ಕೇಳುವುದಿಲ್ಲ. ಗಾಯಕರಿಗೆ ಕಾರ್ಡ್‌ಗಳನ್ನಷ್ಟೇ ಕೊಡಿ. ಗಟ್ಟಿದನಿಯ ಮೊದಲ ಭಾಗ ಒಬ್ಬರಿಗೆ, ಪಿಯಾನೊ ತಣ್ಣಗಾದ ಮೇಲಿನ ಭಾಗ ಕೆಳಸ್ಥಾಯಿಯಲ್ಲಿ ಪಿಸುಗುಡಬಲ್ಲ ಇನ್ನೊಬ್ಬರಿಗೆ, ಕೊನೆಗೆ ಇಬ್ಬರೂ. ಜಿ ಮೈನರ್ ಮತ್ತು ಸಿ ಕಾರ್ಡ್‌ಗಳು ಮರಳಿ ಮರಳಿ ಬರುವ ಜಾಗದಲ್ಲಿ ಬಾರ್ ಎಣಿಸುವ ಬದಲು ಪಿಯಾನೊ ವಾದಕರ ತಲೆಯಾಡಿಸುವಿಕೆಗೆ ಮುಂದುವರಿಯಲಿ. ‘ಅಸ್ ಅಂಡ್ ದೆಮ್’ನಲ್ಲಿ ಪದದ ಕೊನೆ ಮತ್ತೆ ಮತ್ತೆ ಮೊಳಗುವ ಪ್ರತಿಧ್ವನಿಯನ್ನು ಯಂತ್ರದಿಂದ ತರುವ ಬದಲು ನಾಲ್ವರು ಗಾಯಕರಿಂದಲೇ ತರಿಸಿ. ವೇದಿಕೆಯ ಎಡದಿಂದ ಬಲಕ್ಕೆ ನಿಂತು, ಎಣಿಕೆಗೊಬ್ಬರಂತೆ, ಪ್ರತಿಯೊಬ್ಬರೂ ಹಿಂದಿನವರಿಗಿಂತ ಮೆಲ್ಲಗೆ ಅದೇ ಪದ ಹಾಡಲಿ. ಹೆಚ್ಚು ಜನ ಇರುವ ತಂಡಕ್ಕೆ ಮಾತ್ರ ಸಾಧ್ಯವಾಗುವ ಸೊಗಸು ಇದು.

ಆಲ್ಬಂನ ನಡುನಡುವೆ ಕೇಳುವ ಮಾತಿನ ತುಣುಕುಗಳು ಹುಟ್ಟಿದ್ದು ಹೀಗೆ: ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆ ಬರೆದು, ಅಬೀ ರೋಡ್ ಸ್ಟುಡಿಯೊದಲ್ಲಿ ಸಿಕ್ಕವರಿಗೆಲ್ಲ ತೋರಿಸಿ, ಅವರ ಉತ್ತರ ರೆಕಾರ್ಡ್ ಮಾಡಿದರು. ಅಲ್ಲಿನ ದ್ವಾರಪಾಲಕ ಗೆರಿ ಒ’ಡ್ರಿಸ್ಕಾಲ್ ದನಿ ಆಲ್ಬಂನಲ್ಲಿ ಉಳಿಯಿತು. ಉತ್ತರ ಕೊಟ್ಟ ಪಾಲ್ ಮೆಕಾರ್ಟ್ನಿ ದನಿ ಉಳಿಯಲಿಲ್ಲ. ಆ ತುಣುಕುಗಳನ್ನು ಮೂಲದಿಂದ ಎತ್ತಬೇಡಿ. ನೀವೇ ಹತ್ತು ಪ್ರಶ್ನೆ ಬರೆಯಿರಿ: ಸಾವು, ದುಡ್ಡು, ಜಗಳ, ವಯಸ್ಸು, ಭಯ. ಸಂಗೀತಕ್ಕೆ ಸಂಬಂಧವಿಲ್ಲದ ಹತ್ತು ಹದಿನೈದು ಮಂದಿಗೆ ಒಂದೇ ಕ್ರಮದಲ್ಲಿ ಕೇಳಿ. ಮೈಕ್ ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರ, ಸ್ವಲ್ಪ ಓರೆಯಾಗಿ ಇರಲಿ, ಫ್ಯಾನ್ ಆರಿಸಿ. ಉತ್ತರ ಮುಗಿದ ಮೇಲೂ ಹತ್ತು ಸೆಕೆಂಡ್ ಸುಮ್ಮನಿರಿ, ಆ ಮೌನಕ್ಕೆ ಜನ ಸೇರಿಸುವ ಮಾತೇ ಅನೇಕ ಸಲ ಬೇಕಾದ ತುಣುಕಾಗುತ್ತದೆ. ಬಳಸುವುದು ಮೂರರಿಂದ ಎಂಟು ಸೆಕೆಂಡಿನ ತುಣುಕುಗಳನ್ನು ಮಾತ್ರ. ಪ್ರತಿಯೊಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ. ನನ್ನ ಮಟ್ಟಿಗೆ ಇಡೀ ಆಲ್ಬಂನಲ್ಲಿ ನಿಮ್ಮದೇ ಆಗಬಲ್ಲ ಅತಿ ಶ್ರೀಮಂತ ಜಾಗ ಇದು. ಹೊಸ ಸೋಲೊ ಬರೆಯುವುದಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೆ ಕೊಡಿ.

ಹದಿನಾಲ್ಕು ಮಂದಿ ಇದ್ದಾರೆಂದ ಮೇಲೆ ಹದಿನಾಲ್ವರೂ ನುಡಿಸುತ್ತಲೇ ಇರುವ ಚಾಳಿ ಬರುತ್ತದೆ. ಇದಕ್ಕೆ ಮದ್ದು ಮೌನದ ಪಟ್ಟಿ. ಹಾಡಿನ ಪ್ರತಿ ಭಾಗಕ್ಕೂ ಯಾರು ನುಡಿಸಬಾರದು ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಎರಡು ಗಿಟಾರ್, ಕೀಬೋರ್ಡ್, ಸೆಲ್ಲೊ ನಾಲ್ಕೂ ನಡುಸ್ಥಾಯಿಯಲ್ಲಿ ಗುಂಪುಗೂಡಿದರೆ ಗಾಯಕರ ದನಿ ಮುಳುಗುತ್ತದೆ, ಮಿಕ್ಸರ್ ಮುಂದೆ ಕೂತವರು ಏನು ಮಾಡಿದರೂ ಬಿಡಿಸಲಾಗದು. ‘ಎಕ್ಲಿಪ್ಸ್’ ಮಾತ್ರ ಇದಕ್ಕೆ ಹೊರತು: ಸುಮಾರು ಎರಡು ನಿಮಿಷದ, ಆರು ಎಣಿಕೆಯ, ಸಾಲಿನ ಮೇಲೆ ಸಾಲು ಪೇರಿಸುವ ಹಾಡು. ನಾಲ್ವರಿಂದ ಶುರುವಾಗಿ ಎರಡು ಸಾಲಿಗೊಬ್ಬರಂತೆ ಸೇರುತ್ತಾ ಹೋಗಲಿ, ಕೊನೆಯ ಸಾಲಿಗೆ ಎಲ್ಲರೂ ವೇದಿಕೆಯ ಮೇಲಿರಲಿ.

ಧ್ವನಿವ್ಯವಸ್ಥೆಗೆ 24ರಿಂದ 32 ಚಾನೆಲ್ ಬೇಕಾದೀತು. ಗಾಯಕರ ನಾಲ್ಕು ಮೈಕ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ, ಯಾರು ಬಂದರೂ ತಮ್ಮ ಬಣ್ಣವನ್ನೇ ಹಿಡಿಯಲಿ. ಡ್ರಮ್ಸ್ ಪಕ್ಕ ಸ್ಟ್ಯಾಂಡ್ ಮೈಕ್ ಇಟ್ಟರೆ ಸೆಲ್ಲೊ ಊಳಿಡುತ್ತದೆ. ಅದಕ್ಕೆ ಕ್ಲಿಪ್ ಮೈಕ್ ಅಥವಾ ಪಿಕಪ್ ಹಾಕಿ. ಅದರ ಲೋ ಕಟ್ (ಕೆಳಗಿನ ಸದ್ದು ಸೋಸುವ ಫಿಲ್ಟರ್) ಅನ್ನು 60 ಹರ್ಟ್ಜ್‌ಗಿಂತ ಮೇಲೆ ಒಯ್ಯಬೇಡಿ, ಕೆಳಗಿನ ಸಿ ಸ್ವರ ಇರುವುದು 65ರಲ್ಲಿ. ಸದ್ದುಗಳನ್ನು 43 ನಿಮಿಷದ ಒಂದೇ ಟ್ರ್ಯಾಕ್ ಆಗಿ ಓಡಿಸಬೇಡಿ, ಒಂದು ಸೋಲೊ ನಾಲ್ಕು ಬಾರ್ ಹೆಚ್ಚಾದರೆ ಮುಂದಿನದೆಲ್ಲ ಕೆಡುತ್ತದೆ. ಪ್ರತಿ ಸದ್ದೂ ಬಿಡಿ ಕ್ಲಿಪ್ ಆಗಿರಲಿ, ಒಬ್ಬರು ಕಿವಿಗೊಟ್ಟು ಕೈಯಾರೆ ಒತ್ತಲಿ. ಲ್ಯಾಪ್‌ಟಾಪ್‌ಗೆ ನಾಲ್ಕು ಔಟ್‌ಪುಟ್‌ನ ಇಂಟರ್‌ಫೇಸ್: ಎರಡು ಸಭೆಗೆ, ಒಂದು ಡ್ರಮ್ಮರ್ ಕಿವಿಗೆ ಕ್ಲಿಕ್, ಒಂದು ಮೀಸಲು.

ತಯಾರಿಗೆ ಹನ್ನೆರಡು ವಾರ ಇಟ್ಟುಕೊಳ್ಳಿ. ಮೊದಲ ಮೂರು ವಾರ ನಕ್ಷೆ ಮತ್ತು ಡೆಮೊ, ಆಮೇಲಿನ ನಾಲ್ಕು ವಾರ ಕಾಯಂ ತಂಡ ಮತ್ತು ಒಂದೊಂದು ಬ್ಯಾಂಡ್. ಎಂಟನೇ ವಾರ ಹಾಡುಗಳನ್ನು ಮುಟ್ಟಲೇಬೇಡಿ, ಬೆಸುಗೆಗಳನ್ನು ಮಾತ್ರ ಅಭ್ಯಾಸ ಮಾಡಿ: ಹಿಂದಿನ ಹಾಡಿನ ಕೊನೆಯ 16 ಬಾರ್, ಮುಂದಿನದರ ಮೊದಲ 16 ಬಾರ್, ಮಧ್ಯೆ ವೇದಿಕೆ ಹತ್ತಿಳಿಯುವುದೂ ಸೇರಿ. ಉಳಿದ ವಾರಗಳಲ್ಲಿ ನಿಲ್ಲಿಸದೆ ಪೂರ್ತಿ ನುಡಿಸಿ. ತಪ್ಪಾದರೂ ನಿಲ್ಲಬೇಡಿ, ತಪ್ಪಿನಿಂದ ಹೊರಬರುವುದೂ ಅಭ್ಯಾಸವಾಗಬೇಕು.

ರೆಕಾರ್ಡಿಂಗ್‌ಗೆ ಕಾರ್ಯಕ್ರಮ ಮುಗಿದ ಎರಡು ವಾರದೊಳಗೆ ಹೋಗಿ, ಕೈಗಳಿಗೆ ನೆನಪಿರುತ್ತದೆ. ಕಾಯಂ ತಂಡ ಒಟ್ಟಿಗೆ ನುಡಿಸಲಿ, ಉಳಿದವರು ಮನೆಯಲ್ಲೇ ಸೇರಿಸಬಹುದು. ಹಾಗೆ ಸೇರಿಸುವಾಗ ಎಲ್ಲ ಫೈಲ್‌ಗಳೂ 24 ಬಿಟ್, 48 ಕಿಲೋಹರ್ಟ್ಜ್ ಇರಲಿ, ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಎಫೆಕ್ಟ್ ಹಾಕದ ಪ್ರತಿಯೂ ಜೊತೆಗಿರಲಿ. ಸೊನ್ನೆಯಿಂದ ಶುರುವಾಗದ ಫೈಲ್ ಅನ್ನು ಅಂದಾಜಿನಲ್ಲಿ ಕೂರಿಸಿದರೆ ಲಯ ಸೂಕ್ಷ್ಮವಾಗಿ ಹಾಳಾಗುತ್ತದೆ. ಎಲ್‌ಪಿ ತರುವ ಯೋಚನೆಯಿದ್ದರೆ ಬದಿಗೆ 22 ನಿಮಿಷ ಮೀರಬೇಡಿ. ಮೀರಿದಷ್ಟೂ ತಟ್ಟೆಯ ಗೀರು ಕಿರಿದಾಗಿ ಧ್ವನಿಯ ಮಟ್ಟ, ಬಾಸ್ ಎರಡೂ ಕುಗ್ಗುತ್ತವೆ.

ಹಕ್ಕುಗಳ ಕೆಲಸವನ್ನು ಮೊದಲ ವಾರವೇ ಹಚ್ಚಿಕೊಳ್ಳಿ. ಹಾಡಿನ ರಚನೆಯ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ವೇದಿಕೆಯಲ್ಲಿ ನುಡಿಸಲು ಪ್ರದರ್ಶನ ಪರವಾನಗಿ ಬೇಕು. ಸಭಾಂಗಣದವರು ಪಡೆದಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ರೆಕಾರ್ಡ್ ಹೊರತರಲು ಪ್ರತಿ ಹಾಡಿಗೂ ರಚನೆಯ ಹಕ್ಕುದಾರರ ಪರವಾನಗಿ ಬೇಕು, ವಿಡಿಯೊ ಆದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ. ಸಾಹಿತ್ಯ ತಿದ್ದಲು, ಅನುವಾದಿಸಿ ಹಾಡಲು ನೇರ ಅನುಮತಿಯಿಲ್ಲದೆ ಮುಂದುವರಿಯಬೇಡಿ, ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಮುಖಪುಟಕ್ಕೆ ಮೂಲ ಆಲ್ಬಂನ ಪಟ್ಟಕದ (ಪ್ರಿಸಂ) ಚಿತ್ರವನ್ನು ಬಳಸಬೇಡಿ, ಅದೂ ಹಕ್ಕಿನ ವಸ್ತುವೇ. ನಿಮ್ಮೊಳಗಿನ ಒಪ್ಪಂದವನ್ನೂ ಈಗಲೇ ಬರೆದಿಡಿ: ಯಾರ ಅರೇಂಜ್‌ಮೆಂಟ್, ಯಾರ ಮನೋಧರ್ಮದ ಆಲಾಪ, ಬಂದ ಹಣದಲ್ಲಿ ಯಾರಿಗೆ ಎಷ್ಟು ಪಾಲು. ಕ್ಲೇರ್ ಟೋರಿಗೆ ಆ ಭಾನುವಾರದ ಹಾಡಿಕೆಗೆ ಸಿಕ್ಕಿದ್ದು 30 ಪೌಂಡ್. 2004ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ರಾಜಿಯಾಯಿತು, ಅಲ್ಲಿಂದೀಚೆಗೆ ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಜೊತೆಗೆ ಅವರ ಹೆಸರೂ ರಚನಕಾರರಾಗಿ ಅಚ್ಚಾಗುತ್ತಿದೆ. ‘ಗ್ರೇಟ್ ಗಿಗ್’ ಹಾಡುವ ನಿಮ್ಮ ಇಬ್ಬರು ಗಾಯಕರ ಹೆಸರು, ಅವರ ಪಾಲು ಮೊದಲ ದಿನದ ಹಾಳೆಯಲ್ಲೇ ಇರಲಿ.